ಆರು ನಿಮಿಷದ ಖರ್ಜೂರ

ಐನ್ ಝಿತೂನದ ಸರ್ಕಾರಿ ರೇಡಿಯೋದಲ್ಲಿ ಉಳಿದಿದ್ದ ಧ್ವನಿ ಒಂದೇ. ಆದರೆ ಅದು ಇಬ್ಬರ ಕೆಲಸ ಮಾಡುತ್ತಿತ್ತು. ಲಝಹರ್ ಗಂಟಲು ಬಿಗಿಮಾಡಿಕೊಂಡು ವಾರ್ತೆ ಓದುತ್ತಿದ್ದ. ವಾರ್ತೆ ಮುಗಿದದ್ದೇ ತಡ, "ಈಗ ಹವಾಮಾನ, ಗೆಳೆಯ ಹಂಝಾ ಅವರಿಂದ" ಎಂದು ಹೇಳಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮೂಗಿನಿಂದ ಮಾತಾಡುತ್ತ ತಾನೇ ಹಂಝಾ ಆಗುತ್ತಿದ್ದ. ಕೊನೆಯಲ್ಲಿ ಹಂಝಾ ಲಝಹರ್‌ಗೆ ಧನ್ಯವಾದ ಹೇಳುತ್ತಿದ್ದ. ಲಝಹರ್ "ಇರಲಿ ಬಿಡಿ" ಎನ್ನುತ್ತಿದ್ದ. ಬೆಟ್ಟದ ಮೇಲಿನ ಜನರಿಗೆ ಹಂಝಾನ ಮೇಲೇ ಪ್ರೀತಿ ಜಾಸ್ತಿ. ಕಳೆದ ವರ್ಷ ಅವನಿಗೊಂದು ಹೆಣ್ಣಿನ ಸಂಬಂಧವೂ ಬಂದಿತ್ತು.

ಇದನ್ನೆಲ್ಲ ನಡೆಸುತ್ತಿದ್ದವರು ನಿರ್ದೇಶಕಿ ಮುಂಜಿಯಾ. ಹೆಸರಿಗೆ ನಿರ್ದೇಶಕಿ, ಬೆಳಿಗ್ಗೆ ಬಾಗಿಲು ತೆಗೆಯುವುದೂ ಅವರೇ, ಕಸ ಗುಡಿಸುವುದೂ ಅವರೇ. ಊರಿನ ಅಂಗಡಿಗಳಲ್ಲಿ ಸಕ್ಕರೆ ಮಾಯವಾಗಿ, ಕಾಫಿಪುಡಿಯಲ್ಲಿ ಹುರಿದ ಕಡಲೆಯೇ ಹೆಚ್ಚಾಗಿದ್ದ ಕಾಲ ಅದು. ಉಳಿತಾಯ ಮಾಡಿ ಎಂದು ರಾಜಧಾನಿಯಿಂದ ಆಜ್ಞೆ ಬರುವ ಹೊತ್ತಿಗೆ ಉಳಿಸುವುದಕ್ಕೆ ಅವರ ಹತ್ತಿರ ಏನೂ ಉಳಿದಿರಲಿಲ್ಲ. ರಂಝಾನಿನ ಸಂಜೆ ಉಪವಾಸ ಬಿಡುವ ಹೊತ್ತು ಸಾರುವ ತೋಪು ಹಾರಿಸಲು ಮದ್ದಿಗೆ ಕಾಸಿಲ್ಲ ಎಂದು ಪುರಸಭೆ ಕೈಚೆಲ್ಲಿತು. ಲಝಹರ್ ಖಾಲಿ ಡೀಸೆಲ್ ಡ್ರಮ್ಮೊಂದನ್ನು ಮೈಕಿನ ಮುಂದಕ್ಕೆ ಉರುಳಿಸಿಕೊಂಡು ಬಂದು ಕಬ್ಬಿಣದ ಸಲಾಕೆಯಿಂದ ಬಾರಿಸಿದ. ತೋಪಿಗಿಂತ ಇದೇ ವಾಸಿ, ಕುರಿಗಳು ಬೆದರುವುದಿಲ್ಲ ಎಂದು ಜನ ಫೋನು ಮಾಡಿದರು.

ಅಷ್ಟರಲ್ಲಿ ಬಂತು ಹೊಸ ಆದೇಶ. ಸೋಮವಾರದಿಂದ ಸಂಜೆಯ ಹೊತ್ತು ಎಲ್ಲ ಊರಿನ ರೇಡಿಯೋಗಳೂ ರಾಜಧಾನಿಯ ಕಾರ್ಯಕ್ರಮವನ್ನೇ ಬಿತ್ತರಿಸಬೇಕು. ಇವತ್ತು ಸಂಜೆ ಹೋದರೆ ನಾಳೆ ಬೆಳಗೂ ಹೋಗುತ್ತದೆ, ಆಮೇಲೆ ಬಾಗಿಲಿಗೆ ಬೀಗ, ಲಝಹರ್ ಬೀದಿಗೆ ಎನ್ನುವುದು ಮುಂಜಿಯಾಗೆ ತಕ್ಷಣ ಹೊಳೆಯಿತು. ಮೇಲಧಿಕಾರಿ ಶಾಕಿರ್ ಬಿನ್ ಗಯಾಥರಿಗೆ ಫೋನು ಹಚ್ಚಿದರು. ಗಂಡಸರಿಗೆ 'ಸೀ', ಹೆಂಗಸರಿಗೆ 'ಲಲ್ಲಾ' ಎನ್ನುವ ಮರ್ಯಾದೆಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

"ಸೀ ಶಾಕಿರ್, ನಮ್ಮಲ್ಲಿ ಸೂರ್ಯ ನಿಮಗಿಂತ ಆರು ನಿಮಿಷ ತಡವಾಗಿ ಮುಳುಗ್ತಾನೆ."

"ಸೂರ್ಯನೂ ಲೇಟಾ? ನಿಮ್ಮ ಕಡೆ ಎಲ್ಲಾದೂ ಲೇಟೇ, ಲಲ್ಲಾ ಮುಂಜಿಯಾ."

"ತಮಾಷೆ ಅಲ್ಲ. ನಿಮ್ಮೂರಿನ ಬಾಂಗು ಕೇಳಿ ಇಲ್ಲಿಯವರು ಬಾಯಿಗೆ ಏನಾದ್ರೂ ಹಾಕ್ಕೊಂಡ್ರೆ ಇಡೀ ದಿನದ ಉಪವಾಸ ನೀರುಪಾಲು."

"ಗಡಿಯಾರ ನೋಡ್ಕೊಳ್ಳೋಕೆ ಹೇಳಿ. ಅದಕ್ಕೂ ಸರ್ಕಾರ ದುಡ್ಡು ಕೊಡ್ಬೇಕಾ? ಸೋಮವಾರ ನಾನೇ ಬರ್ತೀನಿ, ಹೇಗೆ ನಡಿಯುತ್ತೆ ನೋಡ್ತೀನಿ." ಫೋನು ಇಟ್ಟರು.

ಗಡಿಯಾರವಂತೆ! ಐನ್ ಝಿತೂನದಲ್ಲಿ ಮನೆಗೊಂದು ಗಡಿಯಾರ, ಗಡಿಯಾರಕ್ಕೊಂದು ಸಮಯ. ಸೂರ್ಯನನ್ನು ನೋಡೋಣವೆಂದರೆ ಮಧ್ಯಾಹ್ನ ಕಳೆಯುತ್ತಲೇ ಅವನು ಬೆಟ್ಟದ ಹಿಂದೆ ಅಡಗುತ್ತಾನೆ. ಮಸೀದಿಯ ಬಾಂಗು ದೂರದ ಆಲಿವ್ ತೋಟಗಳ ಮನೆಗಳಿಗೆ ಮುಟ್ಟುವುದಿಲ್ಲ. ಅಲ್ಲಿಯವರು ಅಜ್ಜಂದಿರ ಕಾಲದಿಂದ ಕೈಯನ್ನು ಖರ್ಜೂರದ ಮೇಲೆ, ಕಿವಿಯನ್ನು ರೇಡಿಯೋದ ಮೇಲೆ ಇಟ್ಟು ಕೂತವರು. ಆ ನಂಬಿಕೆಗೆ ತಾನೇ ಮೋಸ ಮಾಡಬೇಕಲ್ಲ ಎಂದುಕೊಂಡರು ಮುಂಜಿಯಾ.

ಭಾನುವಾರ ಸಂಜೆಯ ಕೊನೆಯ ಹವಾಮಾನ. ಮುಂಜಿಯಾ ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದರು. ಮೂಗಿನ ಧ್ವನಿ ಹೇಳಿತು: "ನಾಳೆ ಸಂಜೆ ಪೂರ್ವ ದಿಕ್ಕಿನಿಂದ, ಅಂದ್ರೆ ರಾಜಧಾನಿ ಕಡೆಯಿಂದ, ಒಂದು ಬಾಂಗು ಬೀಸುವ ಸಂಭವ ಇದೆ. ಅದು ನಮ್ಮದಲ್ಲ. ಕಿವಿ ತುಂಬ ಕೇಳಿ, ಬಾಯಿಗೆ ಮಾತ್ರ ಏನೂ ಹಾಕ್ಬೇಡಿ. ಡ್ರಮ್ಮಿನ ಸದ್ದಾಗೋವರೆಗೂ ಕಾಯಿರಿ."

ಮುಂಜಿಯಾ ಓಡಿ ಬಂದರು. "ಏನೋ ಇದು ಲಝಹರ್?"

"ನಾನಲ್ಲ ಲಲ್ಲಾ. ಹಂಝಾ ಹೇಳಿದ್ದು."

"ಆ ಹಂಝಾನಿಗೆ ಹೇಳು, ನಾಳೆ ಡ್ರಮ್ ಮುಟ್ಟಿದ್ರೆ ಕೆಲಸ ಹೋಗುತ್ತೆ. ಶಾಕಿರ್ ಊಟಕ್ಕೆ ನಮ್ಮನೇಲೇ ಕೂತಿರ್ತಾರೆ, ಕಿವಿಗೆ ಬೀಳದೆ ಇರುತ್ತಾ?"

"ಅವನಿಗೆ ಕೆಲಸ ಎಲ್ಲಿತ್ತು ಹೋಗೋಕೆ? ಸಂಬಳ ಬರೋದು ನನಗೊಬ್ಬನಿಗೇ."

"ಬಾಯಿ ಮುಚ್ಚು. ಮೂರು ಹೆಣ್ಣುಮಕ್ಕಳ ತಂದೆ ನೀನು, ಹುಡುಗಾಟ ಆಡ್ಬೇಡ." ಜನ ಡ್ರಮ್ಮಿಗೆ ಕಾದು ಕಾದು ಕೊನೆಗೆ ಊಟ ಮಾಡುತ್ತಾರೆ, ಉಪವಾಸ ಬೇಗ ಮುರಿಯುವುದಕ್ಕಿಂತ ತಡವೇ ಮೇಲು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಆ ಸಲಾಕೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಸೋಮವಾರ ಶಾಕಿರ್ ಬಂದರು. ಇಸ್ತ್ರಿ ಮಾಡಿದ ಸೂಟು, ಸುಗಂಧ, ನಗು, ಎಲ್ಲ ಇತ್ತು. ಹೊತ್ತು ಮುಳುಗುವಾಗ ಅತಿಥಿಯನ್ನು ಹಾಗೇ ಕಳಿಸುವುದುಂಟೇ? ಮುಂಜಿಯಾರ ಮನೆಯಲ್ಲೇ ಊಟ. ತಾಯಿ ಉಮ್ಮಿ ಝುಹ್ರಾ ಬಟ್ಟಲುಗಳಿಗೆ ಬಿಸಿ ಚೊರ್ಬಾ ಸಾರು ಬಡಿಸಿಟ್ಟರು, ನಡುವೆ ಖರ್ಜೂರದ ತಟ್ಟೆ ಇಟ್ಟರು. ಕಪಾಟಿನ ಮೇಲೆ ರೇಡಿಯೋ ರಾಜಧಾನಿಯ ಮಾತಾಡುತ್ತಿತ್ತು.

"ಸೀ ಶಾಕಿರ್, ಒಂದು ಮಾತು. ಈಗ ಬರೋ ಬಾಂಗು..."

"ಊಟಕ್ಕೆ ಕೂತಾಗ ಕಚೇರಿ ಮಾತು ಬೇಡ, ಲಲ್ಲಾ."

"ಕಚೇರಿದಲ್ಲ, ನಿಮ್ಮ ಉಪವಾಸದ್ದೇ..."

ಅವರು ಅಂಗೈ ಅಡ್ಡ ಹಿಡಿದರು. ಹನ್ನೊಂದು ವರ್ಷದಲ್ಲಿ ತನ್ನ ಒಂದೇ ಒಂದು ವಾಕ್ಯವನ್ನೂ ಈ ಮನುಷ್ಯ ಪೂರ್ತಿ ಕೇಳಿಲ್ಲ ಎಂದು ಮುಂಜಿಯಾಗೆ ಮೈಯುರಿಯಿತು. ಕೈಗಳನ್ನು ಮಡಿಲಿಗೆ ಎಳೆದುಕೊಂಡರು.

ರೇಡಿಯೋದಲ್ಲಿ ಬಾಂಗು ಮೊಳಗಿತು. ಶಾಕಿರ್ "ಬಿಸ್ಮಿಲ್ಲಾ" ಎಂದು ಖರ್ಜೂರ ಬಾಯಿಗೆ ಹಾಕಿಕೊಂಡರು. ಒಂದು ಸಲ ಅಗಿದರು. ಆಮೇಲೆ ಕಣ್ಣೆತ್ತಿ ನೋಡಿದರೆ ತಾಯಿ ಮಗಳು ಇಬ್ಬರೂ ಮಡಿಲಲ್ಲಿ ಕೈಯಿಟ್ಟು ಕೂತಿದ್ದಾರೆ. ಕಿಟಕಿಯ ಆಚೆ ಅಕ್ಕಪಕ್ಕದ ಅಂಗಳಗಳಲ್ಲೂ ಒಂದು ಚಮಚದ ಸದ್ದಿಲ್ಲ.

"ಅಯ್ಯೋ, ನುಂಗ್ಬೇಡ ಮಗನೇ!" ಎಂದರು ಉಮ್ಮಿ ಝುಹ್ರಾ. "ಸೂರ್ಯ ಇನ್ನೂ ಮುಳುಗಿಲ್ಲ. ಅದು ನಿಮ್ಮೂರಿನ ಬಾಂಗು. ತಗೋ, ಈ ತಟ್ಟೆಗೆ ಉಗಿದುಬಿಡು."

ಶಾಕಿರ್ ಕಲ್ಲಾದರು. ನುಂಗಿದರೆ ಉಪವಾಸ ಹೋಯಿತು, ಉಗಿದರೆ ಈ ಮುದುಕಿಯ ಮುಂದೆ ಮಾನ ಹೋಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹಲ್ಲುನೋವು ಬಂದವರ ಹಾಗೆ ಒಂದು ಕೆನ್ನೆ ಉಬ್ಬಿಸಿಕೊಂಡು ಕೂತರು.

ಮುಂಜಿಯಾಗೆ ಮೊದಲು ಅಯ್ಯೋ ಪಾಪ ಅನ್ನಿಸಿತು. ಮರುಗಳಿಗೆಯೇ, ಆಹಾ, ಮೇಲಧಿಕಾರಿಯ ಬಾಯಿ ಕಟ್ಟಿದೆ ಎನ್ನುವುದು ಹೊಳೆಯಿತು. ಬೆನ್ನು ನೆಟ್ಟಗೆ ಮಾಡಿ ಕೂತರು.

"ಈಗ ನೋಡಿ ಸೀ ಶಾಕಿರ್, ಬಾಯಲ್ಲಿ ಖರ್ಜೂರ ಇಟ್ಕೊಂಡು ಕಾಯೋದು ಹೇಗಿರುತ್ತೆ ಅಂತ. ದಿನವಿಡೀ ಆಲಿವ್ ಕಿತ್ತು ಬಂದ ಹೆಂಗಸು ನಿಮ್ಮ ಬಾಂಗು ನಂಬಿ ನುಂಗಿಯೇ ಬಿಡ್ತಿದ್ಳು. ಅವಳಿಗೆ ತಟ್ಟೆ ಹಿಡಿಯೋರು ಯಾರು? ದುಡ್ಡಿಲ್ಲ ಅಂತೀರಿ, ಒಪ್ಕೊಂಡೆ. ನನ್ನ ಹೀಟರ್ ತಗೊಳ್ಳಿ, ಕಾರು ತಗೊಳ್ಳಿ, ಹೇಗೂ ಅದಕ್ಕೆ ಪೆಟ್ರೋಲಿಲ್ಲ. ಸಂಜೆ ಮಾತ್ರ ಬಿಟ್ಟುಕೊಡಿ. ಆಗಲ್ಲ ಅನ್ನೋದಾದ್ರೆ ಈಗಲೇ ಬಾಯಿಬಿಟ್ಟು ಹೇಳಿ."

ಶಾಕಿರ್ "ಮ್ಮ್" ಎಂದರು.

"ಏನಂದ್ರಿ?"

"ಮ್ಮ್ಮ್!"

"ನೋಡಮ್ಮಾ, ಆಗಲ್ಲ ಅಂತ ಏನೂ ಹೇಳ್ಲಿಲ್ಲ," ಎಂದರು ಮುಂಜಿಯಾ. ಉಮ್ಮಿ ಝುಹ್ರಾ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ರೇಡಿಯೋದಲ್ಲಿ ಅಡುಗೆ ಎಣ್ಣೆಯ ಜಾಹೀರಾತು ಶುರುವಾಯಿತು. ಆ ಎಣ್ಣೆಯನ್ನು ಈ ಊರು ಕಣ್ಣಲ್ಲಿ ನೋಡಿ ತಿಂಗಳುಗಳಾಗಿದ್ದವು. ಶಾಕಿರ್ ಹಣೆಯ ಬೆವರು ಒರೆಸಿಕೊಂಡು ಕಿಟಕಿ ನೋಡಿದರು, ರೇಡಿಯೋ ನೋಡಿದರು, ಮತ್ತೆ ಕಿಟಕಿ ನೋಡಿದರು. ಜಾಹೀರಾತಿನ ಹೆಂಗಸು "ಗರಿಗರಿಯಾದ..." ಎನ್ನುತ್ತಿದ್ದಂತೆ ಅವಳ ಮಾತು ಕತ್ತರಿಸಿಹೋಯಿತು.

ಢಂ!

ಮುಂಜಿಯಾ ತಮ್ಮ ಚೀಲದತ್ತ ತಿರುಗಿ ನೋಡಿದರು. ಸಲಾಕೆ ಇಲ್ಲೇ ಚೀಲದಲ್ಲಿದೆ, ಈ ಪುಣ್ಯಾತ್ಮ ಯಾತರಿಂದ ಬಾರಿಸಿದ? ಹಿಂದೆಯೇ ಮೂಗಿನ ಧ್ವನಿ ಬಂತು: "ನಾನು ಹಂಝಾ. ಇದು ನಮ್ಮೂರಿನ ಹೊತ್ತು. ಬಾಯಿ ತೆರೀರಿ, ಬಿಸ್ಮಿಲ್ಲಾ."

ಶಾಕಿರ್ ಖರ್ಜೂರ ನುಂಗಿದರು. ಒಂದೇ ಗುಟುಕಿಗೆ ಲೋಟದ ನೀರು ಖಾಲಿ ಮಾಡಿದರು. ತಮ್ಮ ಆದೇಶವನ್ನು ಮುರಿದ ಆ ಸದ್ದಿನಷ್ಟು ಹಿತವಾದದ್ದನ್ನು ಅವರು ಹುಟ್ಟಿದಾರಭ್ಯ ಕೇಳಿರಲಿಲ್ಲ ಎನ್ನುವುದು ಮುಖದ ಮೇಲೇ ಇತ್ತು. ಸ್ವಲ್ಪ ಸುಧಾರಿಸಿಕೊಂಡು ಕೇಳಿದರು, "ಇಡೀ ಊರು ಕಾದು ಕೂತಿತ್ತಲ್ಲ, ಇವರಿಗೆಲ್ಲ ಯಾರು ಹೇಳಿದ್ದು?"

"ನಿನ್ನೆ ರೇಡಿಯೋದಲ್ಲೇ ಹೇಳಿದ್ರಲ್ಲ," ಎಂದರು ಉಮ್ಮಿ ಝುಹ್ರಾ. "ನೀನು ರೇಡಿಯೋ ಕೇಳಲ್ವಾ ಮಗನೇ?"

ಈಗ ಶಾಕಿರ್‌ರ ಬಾಯಿ ಖಾಲಿಯಿತ್ತು. ಅವರು ಅದಕ್ಕೆ ಬೇಗಬೇಗ ಚೊರ್ಬಾ ತುಂಬಿದರು. ಚೊರ್ಬಾ ಅರ್ಧ ಮುಗಿದ ಮೇಲೆ ತಲೆ ಎತ್ತದೆ ಕೇಳಿದರು.

"ಆ ಹಂಝಾನ ಸಂಬಳ ಎಷ್ಟು?"

ಮುಂಜಿಯಾ ಬಟ್ಟಲು ಕೆಳಗಿಟ್ಟರು. "ಏನೂ ಇಲ್ಲ. ಬಿಟ್ಟಿ ಕೆಲಸ."

"ಹಾಗಾದ್ರೆ ಅವನನ್ನ ತೆಗೆದು ಉಳಿಸೋದಾದ್ರೂ ಏನು? ಇರಲಿ ಬಿಡಿ. ಸಂಜೆ ನೀವೇ ನಡೆಸ್ಕೊಳ್ಳಿ. ಹೀಟರ್ ಮಾತ್ರ ಕಳಿಸಿಕೊಡಿ."

ಕರಿದ ಬ್ರೀಕ್ ಕಡುಬು ತರುವ ನೆಪದಲ್ಲಿ ಮುಂಜಿಯಾ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡರು. ನಗುವೋ ಅಳುವೋ ಅವರಿಗೇ ಗೊತ್ತಾಗಲಿಲ್ಲ. ಹಿಂದೆಯೇ ಬಂದ ಶಾಕಿರ್ ಬಾಗಿಲಲ್ಲಿ ನಿಂತು ನೋಡಿದರೆ, ಆಗಲೇ ಒಳಗೆ ಬಂದಿದ್ದ ಉಮ್ಮಿ ಝುಹ್ರಾ ಎರಡು ತಟ್ಟೆಗಳಿಗೆ ಊಟ ತುಂಬಿ ಬಟ್ಟೆ ಮುಚ್ಚುತ್ತಿದ್ದರು.

"ಎರಡು ಯಾರಿಗೆ?"

"ಒಂದು ಲಝಹರ್‌ಗೆ, ಒಂದು ಹಂಝಾನಿಗೆ," ಎಂದರು ಮುದುಕಿ. "ಪಾಪ, ಬಿಟ್ಟಿ ದುಡಿಯೋನು."

ಎರಡೂ ತಟ್ಟೆಗಳು ಖಾಲಿಯಾಗಿಯೇ ವಾಪಸು ಬಂದವು.