ಎರಡು ಅಂಗಡಿಗೆ ಒಂದೇ ಬಾಗಿಲು

ಪರದೆಯ ಮೇಲೆ ಭಾವನ ನೆರಳು, ಮೂಗು ಮಾತ್ರ ಸಿಕ್ಕಾಪಟ್ಟೆ ದೊಡ್ಡದಾಗಿ ಬಿದ್ದಿದೆ, ಆಹಾ, ಏನು ನಗು ವೆಬ್‌ಸೈಟ್ ಮಾಡಿಸಲು ಬಂದ ಹೊಸ ಗಿರಾಕಿಗಳ ಮುಂದೆ, ನಮ್ಮಲ್ಲಿ ಎಲ್ಲಾ ಅನ್‌ಲಿಮಿಟೆಡ್ ಸರ್, ಎಷ್ಟು ಬೇಕಾದ್ರೂ ಬೆಳೀರಿ — ಹಿಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತ ಅವಳಿಗೆ ಈ ಮಾತು ಬಾಯಿಪಾಠ, ಅವಳ ಮೂಗಿಗೂ ಇದೇ ತುಪ್ಪ ಸವರಿದ್ದ, ಬಟ್ಟೆ ಗೊಂಬೆ ಮಾರೋಕೆ ನಾನೇ ವೆಬ್‌ಸೈಟ್ ಮಾಡ್ಕೊಡ್ತೀನಿ ಕಣಮ್ಮ, ಮನೆಯವಳು ನೀನು, ಎಂದು. ಗೊಂಬೆಗಳು ಟೀವಿಯಲ್ಲಿ ಬಂದ ಬೆಳಿಗ್ಗೆ ಜನ ಮುಗಿಬಿದ್ದರು, ವೆಬ್‌ಸೈಟಿನ ಅಂಗಡಿ ತೆರೆಯಲೇ ಇಲ್ಲ, ಕಾಯಿಸುವ ಬಿಳಿ ಚಕ್ರ ತಿರುಗಿತು, ತಿರುಗಿತು, ಹೊಲಿದಿಟ್ಟ ಆನೆ ಮೊಲಗಳೆಲ್ಲ ಕಪಾಟಿನಿಂದ ಅವಳನ್ನೇ ನೋಡುತ್ತಿದ್ದವು, ಫೋನಿನಲ್ಲಿ ಭಾವ ಏನೋ ಅಗಿಯುತ್ತ, ಅನ್‌ಲಿಮಿಟೆಡ್ ಅಂದಿದ್ದು ಜಾಗಕ್ಕಮ್ಮ, ಒಟ್ಟಿಗೆ ನುಗ್ಗೋ ಜನಕ್ಕಲ್ಲ, ಷರತ್ತು ಓದಿಲ್ವಾ — ಆಮೇಲೆ ಓದಿದಳು, ಹಲ್ಲು ಕಚ್ಚಿಕೊಂಡು, ಒಂದೇ ಸರ್ವರನ್ನು ಹತ್ತಾರು ಜನ ಹಂಚಿಕೊಳ್ಳುವ ಪ್ಲಾನು, ಒಬ್ಬರಿಗೆ ಇಷ್ಟೇ ಪಾಲು, ಮೀರಿದರೆ ಬಾಗಿಲು ಬಂದ್. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ, ಖಾತೆ ತೆರೆದು ನೋಡಿದರೆ ಜಿಪುಣ ತನ್ನ ಸ್ವಂತ ಸೈಟನ್ನೂ ಅವಳ ಪಾಲಿನೊಳಗೇ ತುರುಕಿದ್ದಾನೆ, ಅವಳದು ಮುಚ್ಚಿದರೆ ಅವನದೂ ಮುಚ್ಚುತ್ತದೆ, ಅವನಿಗೆ ಅದು ಮರೆತೇ ಹೋಗಿದೆ, ಅವಳಿಗೆ ಮರೆತಿಲ್ಲ.

ಈ ಗಿರಾಕಿಗಳು ಒಪ್ಪಿದ್ರೆ ನಾವೂ ಸ್ವಲ್ಪ ಉಸಿರಾಡ್ತೀವಿ ಕಣೇ, ಅಕ್ಕ ಕಿವಿಯಲ್ಲಿ ಹೇಳುತ್ತಿದ್ದಾಳೆ, ಹೂಂ ಅಕ್ಕ, ಹೂಂ, ಹೆಬ್ಬೆರಳು ಫೋನಿನ ಮೇಲೆ ಕಾದು ಕೂತಿದೆ, ಅವಳ ಗಿರಾಕಿಗಳಿಗೆಲ್ಲ ಒಂದೇ ಮೆಸೇಜು, ಎಲ್ಲ ಗೊಂಬೆ ಅರ್ಧ ಬೆಲೆ, ಈಗಲೇ ಬನ್ನಿ — ಬನ್ನಿ ಸರ್, ನಮ್ಮ ಸೈಟನ್ನೇ ತೋರಿಸ್ತೀನಿ ಎಂದು ಭಾವ ತಿರುಗಿದ್ದೇ ತಡ ಒತ್ತಿಬಿಟ್ಟಳು, ಮಾಡಿದ್ದುಣ್ಣೋ ಮಹರಾಯ. ಬರಲಿ, ಎಲ್ಲರೂ ಬರಲಿ, ಬಂದರು, ಪರದೆಯ ಮೇಲೆ ಚಕ್ರ ಕಾಣಿಸಿತು, ನೆಟ್ ಸ್ವಲ್ಪ ಸ್ಲೋ ಸರ್, ಕುತ್ತಿಗೆ ಒರೆಸಿಕೊಳ್ಳುತ್ತಾನೆ, ಒರೆಸಿಕೋ, ಇನ್ನೂ ಒರೆಸಿಕೋ, ನಿಮ್ಮದೇ ತೆರೀತಿಲ್ವಲ್ರೀ ಎನ್ನುತ್ತ ಮುಂದಿನ ಸಾಲಿನವರು ಬ್ಯಾಗು ಎತ್ತಿಕೊಳ್ಳುತ್ತಿದ್ದಾರೆ, ಹೊಟ್ಟೆ ಎಷ್ಟು ತಣ್ಣಗಾಯಿತು ಎಂದರೆ, ನಗು ಬಂದೀತೆಂದು ತುಟಿ ಕಚ್ಚಿ ಅವಳು ಪಕ್ಕಕ್ಕೆ ತಿರುಗಿದರೆ — ಅಕ್ಕ ಪರದೆಯನ್ನು ನೋಡುತ್ತಲೇ ಇಲ್ಲ, ತಲೆ ಬಗ್ಗಿಸಿ ಫೋನು ಉಜ್ಜುತ್ತಿದ್ದಾಳೆ, ನಿನ್ನ ಮೆಸೇಜ್ ಬಂತು ಕಣೇ, ಟೀವೀಲಿ ಬಂದ ಆವತ್ತೂ ಎಷ್ಟು ಸಲ ನೋಡ್ದೆ, ತೆರೀಲೇ ಇಲ್ಲ, ಆ ನೀಲಿ ಆನೆ ಇವತ್ತಾದ್ರೂ ತಗೊಳ್ಳೋಣಾಂತ, ನಿಂದೂ ತೆರೀತಿಲ್ವಲ್ಲೇ, ನೋಡು, ಎಂದು ಕೈ ಮುಂದೆ ಚಾಚುತ್ತಾಳೆ, ಅಕ್ಕನ ಅಂಗೈಯಲ್ಲಿ ಬಿಳಿ ಚಕ್ರ, ತಿರುಗುತ್ತದೆ, ತಿರುಗುತ್ತದೆ —