ಅಟ್ಟದ ಮೇಲಿನ ರಿಪೇರಿ

ಲೆನ್ಸಿನ ಹಿಂಬದಿಯಲ್ಲಿ ಕ್ಯಾಮೆರಾಕ್ಕೆ ತಾಗುವ ಹೊಂಬಣ್ಣದ ಚುಕ್ಕೆಗಳನ್ನು ರಬ್ಬರಿನಿಂದ ತಿಕ್ಕಿ, ಮಹಾದೇವಿ ಅದನ್ನು ಮತ್ತೆ ಕ್ಯಾಮೆರಾಕ್ಕೆ ಕೂಡಿಸಿದಳು. ಗುಂಡಿ ಒತ್ತಿದರೆ ಅದೇ ರಗಳೆ: ಎರರ್ 01. ಬೇರೆ ಲೆನ್ಸ್ ಹಾಕಿದಳು, ಎರರ್ ಮಾಯ. ಅಂದರೆ ಕ್ಯಾಮೆರಾ ಗಟ್ಟಿಯಿದೆ, ಬೇನೆ ಲೆನ್ಸಿನದು. ಹಳೆಯದನ್ನೇ ಕೂಡಿಸಿ, ಲೆನ್ಸಿನೊಳಗಿನ ಬೆಳಕಿನ ಕಿಂಡಿ ಪೂರ್ತಿ ತೆರೆದಿಟ್ಟು ಒತ್ತಿದಳು. ಫೋಟೊ ಬಂತು. ಕಿಂಡಿ ಕಿರಿದು ಮಾಡಿದಾಗಷ್ಟೇ ಎರರ್. ಅಂದರೆ ಕಿಂಡಿಗೆ ಹೋಗುವ ಒಳಗಿನ ರಿಬ್ಬನ್ ವೈರು ಒಂದೇ ಜಾಗದಲ್ಲಿ ಮಡಚಿ ಮಡಚಿ ಸೀಳಿದೆ. ಚೀಟಿಯಲ್ಲಿ ಹಾಗೆಂದು ಬರೆದು ಅಟ್ಟದಿಂದ ಕೆಳಗೆ ಗಂಡನಿಗೆ ಬಿಟ್ಟಳು.

ಚೆಂಬೂರಿನ ಆ ದುಕಾನಿನ ಅಟ್ಟದಲ್ಲಿ ನೆಟ್ಟಗೆ ನಿಲ್ಲಲಾಗದು. ಗಿರಾಕಿಗಳಿಗೆ ಜಾಗ ಬೇಕೆಂದು ಗಂಡ ಗುರುಪಾದ ಏಣಿ ತೆಗೆದು ಹೊರಗಿಡುತ್ತಾನೆ. ಕ್ಯಾಮೆರಾಗಳು ಹಗ್ಗದ ಬುಟ್ಟಿಯಲ್ಲಿ ಹತ್ತಿ ಇಳಿಯುತ್ತವೆ. "ಸೊಸಿ ಗಿರಾಕಿ ಮುಂದ ಕುಂದರಬಾರ್ದು" ಎಂದು ಅತ್ತೆ ಕಾಶವ್ವ ಹಾಕಿಕೊಟ್ಟ ಪದ್ಧತಿಗೆ ಒಂಬತ್ತು ವರ್ಷ. ಇಳಿಯಬೇಕೆಂದರೆ ಕರೆಯಬೇಕು; ಗಿರಾಕಿ ಇದ್ದರೆ ಕರೆಯುವಂತಿಲ್ಲ.

ವೈರು ಬದಲಿಸುವಷ್ಟರಲ್ಲಿ ನಾಲ್ಕಾಯಿತು. ಕ್ಯಾಮೆರಾದ ಒಡತಿ, ಮದುವೆ ಫೋಟೊ ತೆಗೆಯುವ ಸೌಮ್ಯಾ, ಕೆಳಗೆ ಬಂದಳು.

"ಭಾಯ್, ಬೇರೆ ಅಂಗಡೀಲಿ ಬೋರ್ಡೇ ಹೋಗಿದೆ ಅಂದ್ರು. ನೀವು ಫೋನ್ ಮಾಡಿ ಲೆನ್ಸ್ ಅಂದ್ರಿ. ಹೇಗೆ ಹಿಡಿದ್ರಿ?"

"ನಾಡಿ ನೋಡಿದ್ರ ಗೊತ್ತಾಗ್ತೈತ್ರೀ ಮೇಡಂ," ಗುರುಪಾದ ನಕ್ಕ.

"ಡಾಕ್ಟರ್ ಸಾಬ್, ನಮ್ಮ ಪರೇಲ್ ಸ್ಟುಡಿಯೋಗೆ ಇಂಥ ಕೈ ಒಂದು ಬೇಕು. ಪರ್ಮನೆಂಟ್ ಕೆಲಸ. ನಿಮ್ಮ ಹತ್ರ ಕಲಿತವರು ಯಾರಾದ್ರೂ ಇದ್ದಾರಾ?"

"ಯಾರೂ ಇಲ್ರೀ. ಎಲ್ಲಾ ನಂದ ಕೈ."

"ಮತ್ತೆ ಮೇಲೆ ಯಾರೋ ಇದ್ದಂಗಿದೆ?"

"ನಮ್ಮಾಕಿ ರೀ. ಧೂಳ ಒರಸ್ತಾಳ."

ಮೇಲೆ ಮಹಾದೇವಿಗೆ ಎಲ್ಲ ಕೇಳಿಸುತ್ತಿತ್ತು. ಕೂಗಬಹುದಿತ್ತು. ಏನೆಂದು ಕೂಗುವುದು? ಕೂಗಿದ ಮೇಲೆ ಏಣಿ ತರುವವನು ಅವನೇ.

ಕ್ಯಾಮೆರಾ ಇಳಿಸೆಂದು ಗುರುಪಾದ ಬುಟ್ಟಿಯ ಹಗ್ಗ ಜಗ್ಗಿದ. ಕಡೆಯ ಪರೀಕ್ಷೆ ಬಾಕಿಯಿತ್ತು. ಯಾವಾಗಲೂ ಅವಳು ಗೋಡೆಯ ಫೋಟೊ ತೆಗೆದು, ಸರಿಯಿದೆಯೆಂದು ನೋಡಿ ಅಳಿಸಿಬಿಡುವಳು. ಗಿರಾಕಿಯ ಮೆಮೊರಿ ಕಾರ್ಡಿನಲ್ಲಿ ನಮ್ಮದೇನೂ ಉಳಿಯಬಾರದು. ಇಂದು ಒಂದು ಕಾಗದದ ಮೇಲೆ ತನ್ನ ಹೆಸರು, ಫೋನ್ ನಂಬರು, ಕೆಳಗೆ "ವೈರು ಬದಲಿಸಿದವಳು" ಎಂದು ಬರೆದು ಗೋಡೆಗೆ ಒರಗಿಸಿದಳು. ಕಿಂಡಿ ಕಿರಿದು ಮಾಡಿ ಒತ್ತಿದಳು. ಎರರ್ ಬರಲಿಲ್ಲ. ಅಕ್ಷರಗಳು ಸ್ಪಷ್ಟವಾಗಿದ್ದವು.

ಹಗ್ಗ ಮತ್ತೆ ಅಲುಗಿತು. ಅವಳು ಕಾಗದವನ್ನು ಸಣ್ಣಗೆ ಹರಿದಳು. ಅಳಿಸುವ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು, ಒತ್ತದೆ, ಹಿಂದಕ್ಕೆ ತೆಗೆದುಕೊಂಡು, ಕ್ಯಾಮೆರಾವನ್ನು ಬುಟ್ಟಿಯಲ್ಲಿ ಕೆಳಗಿಳಿಸಿದಳು.