ಎರಡು ಚೀಟಿ, ಒಂದೇ ಪಟ್ಟಿ

ಸರ್ಕಸ್ಸಿನ ಮಧ್ಯಾಹ್ನದ ಆಟ. ತಂಗಿ ಹಗ್ಗ ಹಿಡಿದು ಮೇಲೇರುತ್ತಿದ್ದಳು. ಹಗ್ಗ ಎಳೆಯುವುದು ಮೋಟಾರು, ಎಷ್ಟೆತ್ತರಕ್ಕೆ ಅನ್ನುವುದು ನಾನು ಬರೆದ ಪ್ರೋಗ್ರಾಮು. ಅದರಲ್ಲಿ ಆರು ಹೆಜ್ಜೆಗೆ ಆರು ಎತ್ತರಗಳ ಪಟ್ಟಿ.

ಬೆಳಿಗ್ಗೆ ಮರಳಿನ ಮೂಟೆ ಕಟ್ಟಿ, ಮೋಟಾರು ಎಷ್ಟು ಬೇಗ ಇಳಿಸುತ್ತದೆಂದು ಪರೀಕ್ಷಿಸಿದ್ದೆ. ಅಸಲು ಪಟ್ಟಿ ಕೆಡದಿರಲಿ ಎಂದು ನಕಲು ಮಾಡಿಕೊಂಡು, ನಕಲಿನ ನಾಲ್ಕನೇ ಸಾಲಿನಲ್ಲಿ ಒಂಬತ್ತು ಮೀಟರಿನ ಬದಲು ಸೊನ್ನೆ ಹಾಕಿದ್ದೆ. ಮೂಟೆ ಸರ್ರನೆ ನೆಲಕ್ಕಿಳಿಯಿತು. ಸಮಾಧಾನವಾಗಿ ಊಟಕ್ಕೆ ಹೋದೆ.

ಈಗ ಎರಡನೇ ಹೆಜ್ಜೆಯ ಹೊತ್ತಿಗೆ, ಸುಮ್ಮನೆ, ಅಸಲು ಪಟ್ಟಿ ತೆರೆದೆ. ನಾಲ್ಕನೇ ಸಾಲಿನಲ್ಲಿ ಸೊನ್ನೆ.

ನಮ್ಮ ಯಂತ್ರದ ಭಾಷೆಯಲ್ಲಿ ಎಲ್ಲವನ್ನೂ ತಟ್ಟೆ ಪೇರಿಸಿದಂತೆ ಒಂದರ ಮೇಲೊಂದು ಇಡಬೇಕು. ನಕಲು ಮಾಡು ಅಂದರೆ ಮೇಲಿನ ತಟ್ಟೆಯಂಥದ್ದೇ ಇನ್ನೊಂದು ಬಂದು ಕೂರುತ್ತದೆ. ಬರೀ ಸಂಖ್ಯೆಯಾದರೆ ಇದು ಸರಿ. ಪಟ್ಟಿಯಾದರೆ ತಟ್ಟೆಯಲ್ಲಿರುವುದು ಪಟ್ಟಿಯಲ್ಲ, ಅದರ ವಿಳಾಸದ ಚೀಟಿ. ನಾನು ಚೀಟಿಯನ್ನು ಎರಡು ಮಾಡಿದ್ದೆ. ಮನೆ ಒಂದೇ ಇತ್ತು.

"ಏನಯ್ಯಾ, ಮುಖಕ್ಕೆ ಸುಣ್ಣ ಬಳಿದ ಹಾಗಾಯ್ತಲ್ಲ?" ಪಕ್ಕದಲ್ಲಿ ಕೂತಿದ್ದ ದೀಪದವನು ಕೇಳಿದ.

"ನಾಲ್ಕನೇ ಹೆಜ್ಜೆಗೆ ಅವಳನ್ನ ನೆಲಕ್ಕೆ ಬಿಡುತ್ತೆ ಕಣೋ."

"ಕೆಂಪು ಗುಂಡಿ ಒತ್ತು ಮಾರಾಯ."

ಒತ್ತಿದರೆ ಹಗ್ಗ ಜಗ್ಗಿ ನಿಲ್ಲುತ್ತದೆ. ತಂಗಿ ಆಗಲೇ ಒಂದೇ ಕೈಯಲ್ಲಿ ಜೋತಿದ್ದಳು. ಆ ಎಳೆತಕ್ಕೆ ಹಿಡಿತ ತಪ್ಪೀತು.

ಮೂರನೇ ಹೆಜ್ಜೆ ಶುರುವಾಯಿತು. ಇನ್ನು ಇಪ್ಪತ್ತು ಸೆಕೆಂಡು. ಆಗ ಹೊಳೆಯಿತು: ಮೋಟಾರಿನ ಕೈಯಲ್ಲಿರುವುದೂ ಅದೇ ವಿಳಾಸ. ನಾನು ಕೆಡಿಸಿದ್ದು ಅದಕ್ಕೆ ತಲುಪಿದ ಮೇಲೆ ಸರಿಮಾಡಿದ್ದೂ ತಲುಪಲೇಬೇಕು. ನಕಲು ಅಂದುಕೊಂಡಿದ್ದರಲ್ಲೇ ಒಂಬತ್ತು ಒತ್ತಿದೆ. ಅವಸರಕ್ಕೆ ಎರಡು ಸಲ ಬಿದ್ದು ತೊಂಬತ್ತೊಂಬತ್ತಾಯಿತು. ಅಳಿಸಿದೆ, ಮತ್ತೆ ಒತ್ತಿದೆ.

ನಾಲ್ಕನೇ ಹೆಜ್ಜೆ ಬಂತು. ಹಗ್ಗ ಒಮ್ಮೆ ಅಲುಗಿ, ಒಂಬತ್ತು ಮೀಟರಿನಲ್ಲಿ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ತಂಗಿ ಕೆಳಗಿಳಿದು ಬೆವರು ಒರೆಸಿಕೊಳ್ಳುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅನ್ನ ಸೇರುವುದಿಲ್ಲ.

ಅವಳು ಬೆವರು ಒರೆಸಿಕೊಳ್ಳುತ್ತಲೇ ಕೇಳಿದಳು: "ಸಂಜೆ ಆಟಕ್ಕೆ ಹತ್ತಲ್ಲ ಅಂದರೆ?"

"ಹತ್ತಬೇಡ. ಯಜಮಾನರಿಗೆ ನಾನೇ ಹೇಳ್ತೀನಿ."

"ಮೊದಲು ಸರಿಯಾಗಿ ನಕಲು ಮಾಡು ನೋಡೋಣ. ನನ್ನೆದುರಿಗೇ."

ಕುರ್ಚಿ ಎಳೆದುಕೊಂಡು ಕೂತಳು. ಈ ಸಲ ಹೊಸ ಜಾಗ ಮಾಡಿ, ಆರು ಎತ್ತರಗಳನ್ನು ಒಂದೊಂದಾಗಿ ಅಲ್ಲಿಗೆ ಬರೆಸಿದೆ. ಹೊಸದರ ನಾಲ್ಕನೇ ಸಾಲಿಗೆ ಸೊನ್ನೆ ಹಾಕಿ, ಹಳೆಯದನ್ನು ತೆರೆದೆ.

ಅವಳು ಪರದೆಗೆ ಬೆರಳು ಒತ್ತಿ ಓದಿದಳು. "ಒಂಬತ್ತು."

ನಾನು ಕೀಲಿಮಣೆಯಿಂದ ಕೈ ತೆಗೆದೆ.

"ಮುಚ್ಚಿ ಇನ್ನೊಂದು ಸಲ ತೆರಿ ಅಣ್ಣ," ಅಂದಳು.